ಬೀಮ್ ತಿರುಗಿಸೋಕೆ ಕ್ರಿಸ್ಟಲ್ಲಾ ಮ್ಯಾಗ್ನೆಟ್ಟಾ, ಎಕ್ಸ್-ರೇ ತೆಗೆಯೋಕೆ ಯಾವ ದಾರಿ: ಆರಿಸ್ಕೊಳ್ಳೋ ಮುಂಚೆ ನೋಡ್ಬೇಕಾದ್ದು

"4 ಮಿಲಿಮೀಟರ್ ಸಿಲಿಕಾನ್ ತುಂಡು 300 ಟೆಸ್ಲಾ ಮ್ಯಾಗ್ನೆಟ್‌ಗೆ ಸಮ" ಅನ್ನೋ ಮಾತು ಎಲ್ಲಾದ್ರೂ ಕಣ್ಣಿಗೆ ಬಿದ್ದಿರುತ್ತೆ. ಲೆಕ್ಕ ಸರಿಯಾಗೇ ಇದೆ. (ಬೀಮ್ ಅಂದ್ರೆ ಒಂದೇ ದಿಕ್ಕಲ್ಲಿ ಓಡೋ ಪ್ರೋಟಾನ್, ಎಲೆಕ್ಟ್ರಾನ್ ಥರದ ಕಣಗಳ ಧಾರೆ. ಟೆಸ್ಲಾ ಮ್ಯಾಗ್ನೆಟ್ ಎಷ್ಟು ಬಲವಾಗಿದೆ ಅನ್ನೋ ಅಳತೆ. ಎಲೆಕ್ಟ್ರಾನ್ ವೋಲ್ಟ್ ಕಣದ ಎನರ್ಜಿಯ ಅಳತೆ: ಅದರ ಸಾವಿರ ಪಟ್ಟು ಕೆಇವಿ, ಹತ್ತು ಲಕ್ಷ ಪಟ್ಟು ಎಂಇವಿ, ನೂರು ಕೋಟಿ ಪಟ್ಟು ಜಿಇವಿ, ಲಕ್ಷ ಕೋಟಿ ಪಟ್ಟು ಟಿಇವಿ. ಮಿಲಿರೇಡಿಯನ್ ಅಂದ್ರೆ ಒಂದು ಮೀಟರ್ ಹೋಗೋದ್ರಲ್ಲಿ ಒಂದು ಮಿಲಿಮೀಟರ್ ಓರೆ, ಮೈಕ್ರೋರೇಡಿಯನ್ ಅದರ ಸಾವಿರದಲ್ಲಿ ಒಂದು ಭಾಗ.) ಕಣ ಓಡಿಸೋ ಸರ್ನ್ ಲ್ಯಾಬ್‌ನ ದೊಡ್ಡ ಮಷಿನ್ ಎಲ್‌ಎಚ್‌ಸಿಲಿ ಇರೋ ಬೆಂಡ್ ಮಾಡಿದ ಕ್ರಿಸ್ಟಲ್ 4 ಮಿಲಿಮೀಟರ್ ಉದ್ದ, 7 ಟಿಇವಿ ಪ್ರೋಟಾನನ್ನ 50 ಮೈಕ್ರೋರೇಡಿಯನ್ ತಿರುಗಿಸುತ್ತೆ, ಅದೇ ಕೆಲಸ ಅಷ್ಟೇ ಜಾಗದಲ್ಲಿ ಮ್ಯಾಗ್ನೆಟ್ ಮಾಡ್ಬೇಕು ಅಂದ್ರೆ 290 ಟೆಸ್ಲಾ ಚಿಲ್ಲರೆ ಬೇಕು. ಆದ್ರೆ ಇದನ್ನ ಓದಿ "ಹಂಗಾದ್ರೆ ಆ ದೊಡ್ಡ ಮ್ಯಾಗ್ನೆಟ್‌ಗಳೆಲ್ಲ ಯಾಕೆ, ಕ್ರಿಸ್ಟಲ್ ಹಾಕಿದ್ರೆ ಮುಗೀತಲ್ಲ" ಅನ್ನೋ ಕಡೆ ಹೋಗ್ಬೇಡಿ. ಅಲ್ಲೇ ಇರೋ ಒಂದು ಡೈಪೋಲ್ ಮ್ಯಾಗ್ನೆಟ್ 14.3 ಮೀಟರ್ ಉದ್ದ, 8.33 ಟೆಸ್ಲಾ, ಬೀಮನ್ನ 5.1 ಮಿಲಿರೇಡಿಯನ್ ತಿರುಗಿಸುತ್ತೆ. ಅಂದ್ರೆ ಕ್ರಿಸ್ಟಲ್‌ಗಿಂತ ನೂರು ಪಟ್ಟು. ಅದೂ ಇಡೀ ಬೀಮನ್ನ, ಒಂದು ಕಣಾನೂ ಬಿಡದೆ. ಕ್ರಿಸ್ಟಲ್ ತಿರುಗಿಸೋದು ತನಗೆ ಸರಿಯಾದ ಆಂಗಲ್‌ನಲ್ಲಿ ಬಂದವರನ್ನ ಮಾತ್ರ.

ಈ ವಿಷಯ ಪ್ರಾಜೆಕ್ಟ್‌ಗೋ ಪಿಎಚ್‌ಡಿಗೋ ತಗೊಳ್ಳೋಣ ಅಂತ ಇರೋರು, ಚಿಕ್ಕ ಎಲೆಕ್ಟ್ರಾನ್ ಮಷಿನ್ ಇಟ್ಕೊಂಡು ಅದರಿಂದ ಒಳ್ಳೆ ಎಕ್ಸ್-ರೇ ತೆಗೆಯೋಣ ಅಂತ ನೋಡ್ತಿರೋರು, ಇಬ್ಬರೂ ಕೇಳೋದು "ಯಾವ ಕ್ರಿಸ್ಟಲ್ ಒಳ್ಳೇದು" ಅಂತ. ನನ್ನ ಪ್ರಕಾರ ಅದು ಕೊನೇ ಪ್ರಶ್ನೆ. ಮೊದಲು ನೋಡ್ಬೇಕಾದ್ದು ನಿಮ್ಮ ಬೀಮ್ ಹೆಂಗಿದೆ ಅಂತ.

ಮೊದಲು ಏನೇನು ನೋಡ್ಬೇಕು

ವಿಷಯ ಗೊತ್ತಿಲ್ದೋರಿಗೆ ಒಂದು ಮಾತು. ಅಡಿಕೆ ತೋಟದ ಪಕ್ಕ ನಡ್ಕೊಂಡು ಹೋಗ್ತಾ ಇದ್ರೆ ಬರೀ ಮರಾನೇ ಕಾಣ್ಸುತ್ತೆ, ಒಂದು ಜಾಗಕ್ಕೆ ಬಂದಾಗ ಮಾತ್ರ ಸಾಲು ಸಾಲಾಗಿ ಆ ತುದಿವರೆಗೂ ದಾರಿ ತೆರ್ಕೊಳ್ಳುತ್ತಲ್ಲ, ಕ್ರಿಸ್ಟಲ್ ಒಳಗೆ ಪರಮಾಣುಗಳ ಸಾಲು ಕೂಡ ಹಂಗೇ. ಆ ದಿಕ್ಕಲ್ಲಿ ನುಗ್ಗಿದ ಪಾಸಿಟಿವ್ ಕಣ ಎರಡು ಸಾಲುಗಳ ಮಧ್ಯೆ ಆ ಕಡೆ ಈ ಕಡೆ ತೂಗಾಡ್ತಾ ಮುಂದೆ ಹೋಗುತ್ತೆ. ಇದೇ ಚಾನೆಲಿಂಗ್. ಯೋಹಾನೆಸ್ ಸ್ಟಾರ್ಕ್ 1912ರಲ್ಲೇ ಇಂಥದ್ದು ಇರ್ಬಹುದು ಅಂದಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, 1960ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಲ್ಯಾಬ್‌ನ ಕಂಪ್ಯೂಟರ್ ಲೆಕ್ಕದಲ್ಲಿ ಅಯಾನ್‌ಗಳು ತಾಮ್ರದೊಳಗೆ ನಿಲ್ಲದೆ ದೂರ ಹೋಗೋದು ಕಂಡ ಮೇಲೆ ಮತ್ತೆ ಎದ್ದು ಬಂತು, 1965ರಲ್ಲಿ ಡೆನ್ಮಾರ್ಕ್‌ನ ಲಿಂಡ್‌ಹಾರ್ಡ್ ಥಿಯರಿ ಕೊಟ್ರು.

ಆ ಥಿಯರಿಲಿ ಬರೋ ಕ್ರಿಟಿಕಲ್ ಆಂಗಲ್ ಅನ್ನೋದೇ ನಿಮ್ಮ ಮೊದಲ ಮಾನದಂಡ. ಬೀಮ್‌ನ ಕಣ ಸಾಲಿಗೆ ಇದಕ್ಕಿಂತ ಜಾಸ್ತಿ ಓರೆಯಾಗಿ ಬಂದ್ರೆ ಚಾನೆಲ್ ಅದನ್ನ ಹಿಡ್ಕೊಳ್ಳಲ್ಲ. ಸಿಲಿಕಾನ್‌ನ 110 ಅನ್ನೋ ಪ್ಲೇನ್‌ಗಳ (ಪರಮಾಣು ಹಾಳೆಗಳ) ಮಧ್ಯೆ ಕಣಾನ ಹಿಡಿದಿಡೋ ಎನರ್ಜಿ ಗುಂಡಿಯ ಆಳ 20 ಎಲೆಕ್ಟ್ರಾನ್ ವೋಲ್ಟ್‌ಗಿಂತ ಸ್ವಲ್ಪ ಮೇಲೆ ಅಷ್ಟೇ, ಅದರ ಎರಡರಷ್ಟನ್ನ ಕಣದ ಎನರ್ಜಿಯಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಆಂಗಲ್ ಬರುತ್ತೆ. 8 ಎಂಇವಿ ಎಲೆಕ್ಟ್ರಾನ್‌ಗೆ ಸುಮಾರು 2 ಮಿಲಿರೇಡಿಯನ್, 400 ಜಿಇವಿ ಪ್ರೋಟಾನ್‌ಗೆ ಹತ್ತು ಮೈಕ್ರೋರೇಡಿಯನ್ ಹತ್ತಿರ, ಎಲ್‌ಎಚ್‌ಸಿ ಎನರ್ಜಿಲಿ ಎರಡೂವರೆ ಮೈಕ್ರೋರೇಡಿಯನ್. ನಿಮ್ಮ ಬೀಮ್ ಇದಕ್ಕಿಂತ ಹರಡ್ಕೊಂಡಿದ್ರೆ ಕ್ರಿಸ್ಟಲ್ ಎಷ್ಟೇ ಚೆನ್ನಾಗಿರ್ಲಿ, ಅರ್ಧಕ್ಕರ್ಧ ಕಣ ಸುಮ್ನೆ ಡಿಕ್ಕಿ ಹೊಡೀತಾ ಹೋಗುತ್ತೆ. ಎಲ್ಲರೂ ಎನರ್ಜಿ ಎಷ್ಟು ಅಂತ ಹೇಳ್ತಾರೆ, ಡೈವರ್ಜೆನ್ಸ್ (ಬೀಮ್ ಎಷ್ಟು ಹರಡ್ಕೊಂಡಿದೆ ಅನ್ನೋದು) ಎಷ್ಟು ಅಂತ ಕೇಳಿದ್ರೆ ಸುಮ್ನಾಗ್ತಾರೆ.

ಎರಡನೇದು ಚಾರ್ಜ್. ಪ್ರೋಟಾನ್, ಪಾಸಿಟ್ರಾನ್ (ಪಾಸಿಟಿವ್ ಚಾರ್ಜ್ ಇರೋ ಎಲೆಕ್ಟ್ರಾನ್), ಅಯಾನ್ ಎಲ್ಲ ಸಾಲುಗಳಿಂದ ದೂರ ಇರ್ತಾವೆ. ಎಲೆಕ್ಟ್ರಾನನ್ನ ನ್ಯೂಕ್ಲಿಯಸ್ ತನ್ನ ಕಡೆ ಎಳ್ಕೊಳ್ಳೋದ್ರಿಂದ ಅದು ಪರಮಾಣು ಸಾಲಿನ ಮೇಲೇನೇ ಓಡಾಡ್ತಾ ಬೇಗ ಚೆದುರಿ ಹೋಗುತ್ತೆ, ಪ್ರೋಟಾನ್ ಸೆಂಟಿಮೀಟರ್‌ಗಟ್ಟಲೆ ಹೋಗೋ ಕಡೆ ಒಂದು ಜಿಇವಿಗಿಂತ ಕಮ್ಮಿ ಇರೋ ಎಲೆಕ್ಟ್ರಾನ್ ಹತ್ತಾರು ಮೈಕ್ರಾನ್‌ನಲ್ಲೇ ಚಾನೆಲ್ ಬಿಟ್ಟು ಹೊರಗೆ ಬಂದಿರುತ್ತೆ. ಇದು ಮುಂದೆ ಬರೋ ಎಲ್ಲ ಆಯ್ಕೆಗೂ ಅಡ್ಡ ಬರುತ್ತೆ, ನೆನಪಿಟ್ಕೊಳ್ಳಿ.

ಆಮೇಲೆ ಇಡೀ ಬೀಮ್ ತಿರುಗ್ಬೇಕಾ ಅಂಚಿನ ಸ್ವಲ್ಪ ಭಾಗ ಸಾಕಾ, ರೇಡಿಯೇಷನ್ ಆದ್ರೆ ಫೋಟಾನ್ ಎನರ್ಜಿ ಎಷ್ಟಿರ್ಬೇಕು, ಪೋಲರೈಸೇಷನ್ (ಫೋಟಾನ್‌ಗಳೆಲ್ಲ ಒಂದೇ ದಿಕ್ಕಿಗೆ ಕಂಪಿಸೋದು) ಬೇಕಾ, ಕರೆಂಟ್ ಜಾಸ್ತಿ ಇದ್ರೆ ಕ್ರಿಸ್ಟಲ್ ಬಿಸಿ ತಡ್ಕೊಳ್ಳುತ್ತಾ. ಕೊನೇಲಿ ದುಡ್ಡು. ಸಿಲಿಕಾನ್ ಬಿಲ್ಲೆ ಅಗ್ಗ, ಪ್ರಪಂಚದಲ್ಲಿ ಅಷ್ಟು ಪರ್ಫೆಕ್ಟ್ ಆಗಿ ಬೆಳೆಸೋ ಕ್ರಿಸ್ಟಲ್ ಬೇರೆ ಇಲ್ಲ ಅಂದ್ರೂ ನಡೆಯುತ್ತೆ, ಎಲ್ಲ ಚಿಪ್ ಇಂಡಸ್ಟ್ರಿ ಪುಣ್ಯ. ಖರ್ಚು ಬರೋದು ಅದನ್ನ ತಿರುಗಿಸಿ ನಿಲ್ಲಿಸೋ ಗೋನಿಯೋಮೀಟರ್‌ಗೆ, ವ್ಯಾಕ್ಯೂಮ್‌ಗೆ, ಡಿಟೆಕ್ಟರ್‌ಗೆ. ಬೀಮ್ ಟೈಮ್ ಸಿಗೋದಂತೂ ದುಡ್ಡಿಗಿಂತ ಕಷ್ಟ.

ಬೀಮ್ ತಿರುಗಿಸೋಕೆ

ಮ್ಯಾಗ್ನೆಟ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಇಡೀ ಬೀಮ್, ಮಿಲಿರೇಡಿಯನ್‌ಗಿಂತ ದೊಡ್ಡ ತಿರುವು, ಚಾರ್ಜ್ ಯಾವುದಾದ್ರೂ ಸರಿ, ಒಂದು ಕಣಾನೂ ಕಳ್ಕೊಳ್ಳಬಾರದು ಅಂದ್ರೆ ಮ್ಯಾಗ್ನೆಟ್ಟೇ. ಜಾಗ ಇದ್ದು ಕರೆಂಟ್ ಬಿಲ್ ಕಟ್ಟೋರು ಇದ್ರೆ ಬೇರೆ ಯೋಚನೇನೇ ಬೇಡ.

ಬೆಂಡ್ ಮಾಡಿದ ಕ್ರಿಸ್ಟಲ್ ಕತೆ ಬೇರೆ. ಕ್ರಿಸ್ಟಲನ್ನ ಸ್ವಲ್ಪ ಬಗ್ಗಿಸಿದ್ರೆ ಚಾನೆಲ್ ಒಳಗಿರೋ ಕಣಾನೂ ಬಗ್ಗಿ ಹೋಗುತ್ತೆ ಅಂತ ತ್ಸಿಗಾನೋವ್ 1976ರಲ್ಲಿ ಹೇಳಿದ್ರು, 1979ರಲ್ಲಿ ದುಬ್ನಾದಲ್ಲಿ 8.4 ಜಿಇವಿ ಪ್ರೋಟಾನ್ ಇಟ್ಕೊಂಡು ಮಾಡಿ ತೋರ್ಸಿದ್ರು. ತುಂಬಾ ಬಗ್ಗಿಸೋಕಾಗಲ್ಲ, 7 ಟಿಇವಿಗೆ ಕ್ರಿಟಿಕಲ್ ರೇಡಿಯಸ್ 12 ಮೀಟರ್ ಹತ್ತಿರ ಬರುತ್ತೆ, ಅದಕ್ಕಿಂತ ಬಗ್ಗಿಸಿದ್ರೆ ಚಾನೆಲ್ ಅನ್ನೋದೇ ಉಳಿಯಲ್ಲ, ಅದಕ್ಕೇ ಎಲ್‌ಎಚ್‌ಸಿಲಿ 80 ಮೀಟರ್ ರೇಡಿಯಸ್ ಇಟ್ಕೊಂಡಿದ್ದಾರೆ.

ಇದು ನಿಜವಾಗ್ಲೂ ಗೆಲ್ಲೋ ಜಾಗ ಬೀಮ್‌ನ ಅಂಚು, ಹಾಲೋ ಅಂತಾರಲ್ಲ ಅದು. ಸೀಸದ ಅಯಾನ್ ಓಡಿಸುವಾಗ ಎಲ್‌ಎಚ್‌ಸಿಗೆ ಇದ್ದ ತಲೆನೋವು ಏನು ಅಂದ್ರೆ, ದಾರಿ ತಪ್ಪಿದ ಅಯಾನ್ ಅಂಚಿನ ಕಣ ತಡೆಯೋ ಕಾಲಿಮೇಟರ್‌ಗೆ ಬಡಿದು ಚೂರಾಗೋದು, ಆ ಚೂರುಗಳ ಚಾರ್ಜ್-ತೂಕದ ಅನುಪಾತ ಬೇರೆ ಆಗಿರೋದ್ರಿಂದ ಅವು ಮುಂದೆ ಹೋಗಿ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ಗೆ ಬೀಳೋದು, ಮ್ಯಾಗ್ನೆಟ್ ಬಿಸಿಯಾಗಿ ಕ್ವೆಂಚ್ ಆದ್ರೆ (ಸೂಪರ್‌ಕಂಡಕ್ಟಿಂಗ್ ಗುಣ ಹೋದ್ರೆ) ಅವತ್ತಿನ ಓಟ ನಿಂತಂಗೆ. ಇದಕ್ಕೆ ಒಂದು ಪ್ಲಾನ್ ಇದ್ದಿದ್ದು 11 ಟೆಸ್ಲಾದ ಹೊಸ ಗಿಡ್ಡ ಮ್ಯಾಗ್ನೆಟ್ ಹಾಕಿ ಉಳಿದ ಜಾಗದಲ್ಲಿ ಇನ್ನೊಂದು ಕಾಲಿಮೇಟರ್ ಇಡೋದು. ಆ ಪ್ಲಾನ್ ಮುಂದೂಡಿದ್ರು, ಕ್ರಿಸ್ಟಲ್ ಮುಂದೆ ಬಂತು. ಕ್ರಿಸ್ಟಲ್ ಅಂಚಿನ ಅಯಾನನ್ನ ಒಡೀದೆ ಹಂಗೇ ಎತ್ಕೊಂಡು ಹೋಗಿ ಒಂದೇ ಅಬ್ಸಾರ್ಬರ್ ಮೇಲೆ ಹಾಕುತ್ತೆ. 2015ರಲ್ಲಿ 6.5 ಟಿಇವಿ ಪ್ರೋಟಾನ್‌ನಲ್ಲಿ ಚಾನೆಲಿಂಗ್ ಕಂಡಿದ್ರು, 2018ರಲ್ಲಿ ಸೀಸದಲ್ಲಿ ಟೆಸ್ಟ್ ಮಾಡಿದ್ರು, 2023ರ ಸೀಸದ ರನ್‌ನಲ್ಲಿ ದಿನನಿತ್ಯದ ಕೆಲಸಕ್ಕೇ ಹಚ್ಚಿದ್ರು. ಇಲ್ಲಿ ಮ್ಯಾಗ್ನೆಟ್ ಆಯ್ಕೆ ಕಣ್ಣೆದುರೇ ಇತ್ತು, ಆದ್ರೂ ಕ್ರಿಸ್ಟಲ್‌ಗೆ ಪಟ್ಟ ಸಿಕ್ಕಿದ್ದು, ಹಾಗಾಗಿ ನನಗೆ ಈ ಉದಾಹರಣೆ ಎಲ್ಲಕ್ಕಿಂತ ಇಷ್ಟ.

ಬೀಮ್ ಸುತ್ತು ಹೊಡೆಯೋ ರಿಂಗ್ ಮಷಿನ್‌ನಲ್ಲಿ ಇನ್ನೊಂದು ಲಾಭ ಇದೆ, ಜನ ಇದನ್ನ ಮರೀತಾರೆ. ಒಂದೇ ಸಲ ಹಾದು ಹೋಗೋ ಬೀಮ್‌ನಲ್ಲಿ ಚಾನೆಲಿಂಗ್ ಎಫಿಶಿಯೆನ್ಸಿ ಅರ್ಧದಿಂದ ಮೂರರಲ್ಲಿ ಎರಡು ಭಾಗ ಸಿಕ್ಕಿದ್ರೆ ಒಳ್ಳೇದೇ ಅನ್ಬೇಕು. ರಿಂಗ್‌ನಲ್ಲಿ ಈ ಸುತ್ತು ತಪ್ಪಿಸ್ಕೊಂಡ ಕಣ ಮತ್ತೆ ಬರುತ್ತೆ, ಮತ್ತೆ ಚಾನ್ಸ್. ರಷ್ಯಾದ ಪ್ರೋಟ್ವಿನೋದಲ್ಲಿರೋ ಯು-70 ಮಷಿನ್‌ನಲ್ಲಿ ಎರಡು ಮಿಲಿಮೀಟರ್ ಸೈಜಿನ ಗಿಡ್ಡ ಕ್ರಿಸ್ಟಲ್ ಇಟ್ಟು ಬೀಮ್ ಹೊರಗೆ ತೆಗೆದಾಗ 85% ವರೆಗೆ ಬಂದಿದೆ. ಅದಕ್ಕೇ ಲಿನ್ಯಾಕ್ (ಬೀಮ್ ಒಂದೇ ಸಲ ನೇರವಾಗಿ ಓಡೋ ಮಷಿನ್) ಇರೋರು ರಿಂಗ್‌ನ ಅಂಕಿ ನೋಡಿ ಆಸೆ ಪಡಬಾರದು.

ಜಾಗ ಇಲ್ಲ, ಚಿಕ್ಕ ಪಾಲು ಬೀಮ್ ಸಾಕು ಅನ್ನೋರಿಗೂ ಸರಿಹೋಗುತ್ತೆ. ಸರ್ನ್‌ನ ಎನ್‌ಎ48 ಪ್ರಯೋಗದಲ್ಲಿ ಮುಖ್ಯ ಪ್ರೋಟಾನ್ ಬೀಮ್‌ನಿಂದ ಒಂದು ಸಣ್ಣ ಪಾಲು ಕಿತ್ತು ಕೇಯಾನ್ ಅನ್ನೋ ಕಣಗಳ ಎರಡನೇ ಬೀಮ್ ಮಾಡ್ಕೊಂಡಿದ್ದು ಬೆಂಡ್ ಕ್ರಿಸ್ಟಲ್‌ನಿಂದಾನೇ. ಬಾಳಿಕೆ ಬಗ್ಗೆ ಹೆದರ್ಬೇಡಿ, 450 ಜಿಇವಿ ಪ್ರೋಟಾನ್‌ನಲ್ಲಿ ಟೆಸ್ಟ್ ಮಾಡ್ದಾಗ ಚದರ ಸೆಂಟಿಮೀಟರ್‌ಗೆ 1ರ ಮುಂದೆ 20 ಸೊನ್ನೆ ಇಟ್ಟಷ್ಟು ಪ್ರೋಟಾನ್ ಬಿದ್ದ ಮೇಲೆ ಎಫಿಶಿಯೆನ್ಸಿ ಕಮ್ಮಿ ಆಗಿದ್ದು ಆರು ಪರ್ಸೆಂಟ್ ಆಸುಪಾಸು.

ತೊಂದರೆ ಅಂದ್ರೆ ಅಲೈನ್‌ಮೆಂಟ್. ಎಲ್‌ಎಚ್‌ಸಿ ಮಟ್ಟದಲ್ಲಿ ಗೋನಿಯೋಮೀಟರ್ ಒಂದು ಮೈಕ್ರೋರೇಡಿಯನ್‌ಗಿಂತ ಸೂಕ್ಷ್ಮವಾಗಿ ನಿಲ್ಬೇಕು, ಅಂದ್ರೆ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮಿಲಿಮೀಟರ್‌ಗಿಂತ ಕಮ್ಮಿ ತಪ್ಪು.

ಅಷ್ಟು ಅಲೈನ್‌ಮೆಂಟ್ ನಮ್ಮ ಕೈಲಿ ಆಗಲ್ಲ ಅನ್ನೋರಿಗೆ ವಾಲ್ಯೂಮ್ ರಿಫ್ಲೆಕ್ಷನ್ ಇದೆ. ಇಲ್ಲಿ ಕಣ ಚಾನೆಲ್ ಒಳಗೆ ಸಿಕ್ಕಿಹಾಕ್ಕೊಳ್ಳಲ್ಲ, ಬಗ್ಗಿದ ಪ್ಲೇನ್‌ಗೆ ತಾಗಿ ಉಲ್ಟಾ ದಿಕ್ಕಿಗೆ ಚಿಮ್ಮುತ್ತೆ. ತರಾತಿನ್ ಮತ್ತೆ ವೊರೋಬ್ಯೋವ್ 1987ರಲ್ಲಿ ಲೆಕ್ಕ ಹಾಕಿದ್ರು, 2006ರಲ್ಲಿ ಕಣ್ಣಿಗೆ ಬಿತ್ತು. ಎಫಿಶಿಯೆನ್ಸಿ 95% ಮೇಲೆ, ಆಂಗಲ್ ಹಿಡಿಯೋ ಕಷ್ಟಾನೂ ಕಮ್ಮಿ, ಯಾಕಂದ್ರೆ ಕ್ರಿಸ್ಟಲ್ ಎಷ್ಟು ಬಗ್ಗಿದ್ಯೋ ಅಷ್ಟು ಅಗಲದ ಕಿಟಕಿ ಸಿಗುತ್ತೆ. ಆದ್ರೆ ತಿರುಗೋದು ಕ್ರಿಟಿಕಲ್ ಆಂಗಲ್‌ನ ಒಂದೂವರೆ ಪಟ್ಟು, ಅಷ್ಟೇ. 400 ಜಿಇವಿಗೆ 14 ಮೈಕ್ರೋರೇಡಿಯನ್. ಎಲೆಕ್ಟ್ರಾನ್ ಬೀಮ್ ಇರೋರು ಇದನ್ನ ಗಮನಿಸಿ: ಜರ್ಮನಿಯ ಮೈನ್ಜ್‌ನಲ್ಲಿ 855 ಎಂಇವಿ ಎಲೆಕ್ಟ್ರಾನನ್ನ 30 ಮೈಕ್ರಾನ್ ದಪ್ಪದ ಬೆಂಡ್ ಸಿಲಿಕಾನ್‌ಗೆ ಬಿಟ್ಟಾಗ ಚಾನೆಲಿಂಗ್‌ನಿಂದ ತಿರುಗಿದ್ದು ಐದರಲ್ಲಿ ಒಂದು ಭಾಗ, ವಾಲ್ಯೂಮ್ ರಿಫ್ಲೆಕ್ಷನ್‌ನಲ್ಲಿ ನಾಲ್ಕರಲ್ಲಿ ಮೂರು ಭಾಗಕ್ಕೂ ಸ್ವಲ್ಪ ಜಾಸ್ತಿ.

ಕಾರ್ಬನ್ ನ್ಯಾನೋಟ್ಯೂಬ್ ಬಗ್ಗೆ ನನಗೆ ಉತ್ಸಾಹ ಕಮ್ಮಿ. ಪೇಪರ್ ಮೇಲೆ ಚಂದ, ಸಿಲಿಕಾನ್ ಪ್ಲೇನ್‌ಗಳ ಅಂತರ 1.92 ಆಂಗ್‌ಸ್ಟ್ರಾಮ್ ಆದ್ರೆ ಟ್ಯೂಬ್ ಒಂದು ನ್ಯಾನೋಮೀಟರ್ ಅಗಲ, ಒಳಗೆ ಖಾಲಿ, ಡಿಕ್ಕಿ ಕಮ್ಮಿ. ಆದ್ರೆ ಕೋಟಿಗಟ್ಟಲೆ ಟ್ಯೂಬ್‌ಗಳನ್ನ ಮೈಕ್ರೋರೇಡಿಯನ್ ಲೆಕ್ಕದಲ್ಲಿ ಒಂದಕ್ಕೊಂದು ನೇರವಾಗಿ ಬೆಳೆಸೋದು ಹೆಂಗೆ? ಅಲ್ಲೇ ನಿಂತಿದೆ. ಜಿಇವಿ ಬೀಮ್‌ನಲ್ಲಿ ಕೆಲಸಕ್ಕೆ ಬರೋ ತಿರುವು ಇದರಿಂದ ಇನ್ನೂ ಬಂದಿಲ್ಲ. ಸಿಮ್ಯುಲೇಷನ್ ಥೀಸಿಸ್‌ಗೆ ಓಕೆ, ಪ್ರಯೋಗಕ್ಕೆ ಬೇಡ.

ನ್ಯಾನೋ ಅಂತಾನೇ ಹಟ ಇದ್ರೆ, ಕೈಲಿರೋದು ಕೆಇವಿ ಮಟ್ಟದ ನಿಧಾನದ ಅಯಾನ್ ಆದ್ರೆ, ನ್ಯಾನೋ ಕ್ಯಾಪಿಲರಿ ನೋಡಿ. 2002ರಲ್ಲಿ ಬರ್ಲಿನ್‌ನಲ್ಲಿ ಸ್ಟೋಲ್ಟರ್‌ಫೋಟ್ ತಂಡ 3 ಕೆಇವಿ ನಿಯಾನ್ ಅಯಾನ್‌ಗಳನ್ನ ಪಾಲಿಮರ್ ಹಾಳೆಯ 100 ನ್ಯಾನೋಮೀಟರ್ ತೂತುಗಳಲ್ಲಿ ಬಿಟ್ರು, ಹಾಳೆನ 20 ಡಿಗ್ರಿ ಓರೆ ಮಾಡಿದ್ರೂ ಅಯಾನ್‌ಗಳು ತೂತಿನ ದಿಕ್ಕಲ್ಲೇ ಹೊರಗೆ ಬಂದ್ವು. ಮೊದಲು ಬಂದ ಅಯಾನ್‌ಗಳು ಗೋಡೆಗೆ ಚಾರ್ಜ್ ಅಂಟಿಸಿ ಹೋಗ್ತವೆ, ಹಿಂದೆ ಬರೋರನ್ನ ಆ ಚಾರ್ಜ್ ದೂರ ತಳ್ಳುತ್ತೆ. ಡಿಗ್ರಿ ಲೆಕ್ಕದ ತಿರುವು, ದೊಡ್ಡ ಮಷಿನ್ ಬೇಡ. ಬಜೆಟ್ ಕಮ್ಮಿ ಇರೋ ಲ್ಯಾಬ್‌ಗೆ ನ್ಯಾನೋಟ್ಯೂಬ್‌ಗಿಂತ ಇದೇ ವಾಸಿ.

ರೇಡಿಯೇಷನ್ ತೆಗೆಯೋಕೆ

ಇಲ್ಲಿ ಎಲೆಕ್ಟ್ರಾನ್‌ನವರೇ ಜಾಸ್ತಿ, ಆಯ್ಕೆಗಳೂ ಜಾಸ್ತಿ. ಫೋಟಾನ್ ಎನರ್ಜಿ ಮೊದಲು ಫಿಕ್ಸ್ ಮಾಡ್ಕೊಳ್ಳಿ, ಮುಕ್ಕಾಲು ಗೊಂದಲ ಅಲ್ಲೇ ಹೋಗುತ್ತೆ.

ಜಿಇವಿ ಗಾಮಾ, ಅದೂ ಪೋಲರೈಸ್ ಆಗಿರೋದು ಬೇಕು ಅಂದ್ರೆ ಕೊಹೆರೆಂಟ್ ಬ್ರೆಮ್‌ಸ್ಟ್ರಾಲಂಗ್. ಎಲೆಕ್ಟ್ರಾನ್ ನ್ಯೂಕ್ಲಿಯಸ್ ಹತ್ತಿರ ಹೋಗಿ ವೇಗ ಕಳ್ಕೊಂಡಾಗ ಫೋಟಾನ್ ಬಿಡೋದು ಬ್ರೆಮ್‌ಸ್ಟ್ರಾಲಂಗ್, ಕ್ರಿಸ್ಟಲ್‌ನ ಸಾಲುಗಳಿಂದಾಗಿ ಅದು ಕೂಡಿ ಬಲ ಆದ್ರೆ ಕೊಹೆರೆಂಟ್. ಡೈಸನ್, ಊಬರಾಲ್ ಅವರ 1950ರ ದಶಕದ ಲೆಕ್ಕ, ಹಳೇದು, ಪಳಗಿದ್ದು. ಅಮೆರಿಕದ ಜೆಫರ್ಸನ್ ಲ್ಯಾಬ್‌ನ ಗ್ಲೂಎಕ್ಸ್ ಪ್ರಯೋಗ ಇದರ ಮೇಲೇ ನಿಂತಿದೆ: 12 ಜಿಇವಿ ಹತ್ತಿರದ ಎಲೆಕ್ಟ್ರಾನ್, 50 ಮೈಕ್ರಾನ್ ಆಸುಪಾಸಿನ ವಜ್ರದ ತುಂಡು, 8ರಿಂದ 9 ಜಿಇವಿ ಮಧ್ಯೆ ಫೋಟಾನ್ ಗುಡ್ಡೆ, 35-40% ಪೋಲರೈಸೇಷನ್. ವಜ್ರ ಯಾಕೆ ಅಂದ್ರೆ ಕಾರ್ಬನ್ ಹಗುರ, ಪರಮಾಣುಗಳು ಬಿಸಿಗೆ ಜಾಸ್ತಿ ಅಲುಗಾಡಲ್ಲ, ಬಿಸಿನೂ ಬೇಗ ಹೊರಗೆ ಹೋಗುತ್ತೆ. ಆದ್ರೆ ಬೇಡದ ಎನರ್ಜಿಯ ಫೋಟಾನ್ ಕೂಡ ಜೊತೆಗೇ ಬರ್ತವೆ, ಅದಕ್ಕೆ 75 ಮೀಟರ್ ದೂರದಲ್ಲಿ ಸಣ್ಣ ತೂತಿನ ಕಾಲಿಮೇಟರ್ ಇಟ್ಟು ಸೋಸ್ಬೇಕು, ಪ್ರತಿ ಎಲೆಕ್ಟ್ರಾನ್‌ಗೂ ಟ್ಯಾಗ್ ಹಾಕ್ಬೇಕು (ಎಷ್ಟು ಎನರ್ಜಿ ಕಳ್ಕೊಂಡಿದೆ ಅಂತ ಅಳೀಬೇಕು). ಅಷ್ಟು ದೊಡ್ಡ ಹಾಲ್ ಇಲ್ದೋರು ಇದರ ಹತ್ತಿರ ಹೋಗೋದು ಬೇಡ.

ಹತ್ತಾರು ಎಂಇವಿ ಎಲೆಕ್ಟ್ರಾನ್ ಇದೆ, ಎಕ್ಸ್-ರೇ ಬೇಕು ಅನ್ನೋರಿಗೆ ಎರಡು ದಾರಿ, ನಿಜವಾದ ತಾಕಲಾಟ ಇರೋದು ಇಲ್ಲೇ. ಒಂದು ಚಾನೆಲಿಂಗ್ ರೇಡಿಯೇಷನ್, 1976ರಲ್ಲಿ ಕುಮಾಖೋವ್ ಹೇಳಿದ್ದು. ಚಾನೆಲ್ ಒಳಗೆ ತೂಗಾಡೋ ಕಣ ಸುಮ್ನೆ ಇರಲ್ಲ, ಫೋಟಾನ್ ಬಿಡುತ್ತೆ, ತೂಗಾಟದ ಎನರ್ಜಿ ಬರೀ ಕೆಲವು ಎಲೆಕ್ಟ್ರಾನ್ ವೋಲ್ಟ್ ಇದ್ರೂ ಮುಂದೆ ಓಡೋ ವೇಗದಿಂದಾಗಿ ನಮಗೆ ಕಾಣೋದು ಹತ್ತರಿಂದ ನೂರು ಕೆಇವಿ. ಡ್ರೆಸ್ಡೆನ್ ಹತ್ತಿರದ ಎಲ್ಬೆ ಮಷಿನ್‌ನಲ್ಲಿ 14.6ರಿಂದ 30 ಎಂಇವಿ ಎಲೆಕ್ಟ್ರಾನ್ ಮತ್ತೆ ವಜ್ರ ಇಟ್ಕೊಂಡು ಚೆನ್ನಾಗಿ ಅಳೆದಿದ್ದಾರೆ. ಇನ್ನೊಂದು ಪ್ಯಾರಾಮೆಟ್ರಿಕ್ ಎಕ್ಸ್-ರೇ: ಎಲೆಕ್ಟ್ರಾನ್‌ನ ಜೊತೆ ಓಡೋ ಫೀಲ್ಡ್ ಕ್ರಿಸ್ಟಲ್ ಪ್ಲೇನ್‌ಗೆ ತಾಗಿ ಬ್ರ್ಯಾಗ್ ದಿಕ್ಕಿಗೆ (ಪ್ಲೇನ್‌ಗಳು ಕನ್ನಡಿ ಥರ ಚಿಮ್ಮಿಸೋ ಕಡೆಗೆ) ಎಕ್ಸ್-ರೇ ಆಗಿ ಹೊರಡುತ್ತೆ.

ಯಾವುದು? ಚಾನೆಲಿಂಗ್‌ನಲ್ಲಿ ಫೋಟಾನ್ ಜಾಸ್ತಿ, ಆದ್ರೆ ಎನರ್ಜಿ ಬದಲಾಯಿಸ್ಬೇಕು ಅಂದ್ರೆ ಮಷಿನ್ ಎನರ್ಜಿನೇ ಬದಲಾಯಿಸ್ಬೇಕು, ಡೈವರ್ಜೆನ್ಸ್ ಬಗ್ಗೆ ತಕರಾರು ಜಾಸ್ತಿ, ಮೇಲಾಗಿ ಎಕ್ಸ್-ರೇ ಬೀಮ್‌ನ ದಿಕ್ಕಲ್ಲೇ ಮುಂದಕ್ಕೆ ಬರೋದ್ರಿಂದ ಬ್ರೆಮ್‌ಸ್ಟ್ರಾಲಂಗ್ ಕಸ ಎಲ್ಲ ಡಿಟೆಕ್ಟರ್‌ಗೇ ಬೀಳುತ್ತೆ. ಪ್ಯಾರಾಮೆಟ್ರಿಕ್‌ನಲ್ಲಿ ಫೋಟಾನ್ ಕಮ್ಮಿ, ಅದು ಒಪ್ಕೋಬೇಕಾದ ಮಾತು. ಆದ್ರೆ ಲೈನ್ ಸಪೂರ (ಎಕ್ಸ್-ರೇ ಎನರ್ಜಿ ಹರಡ್ಕೊಂಡಿರಲ್ಲ), ಪಕ್ಕಕ್ಕೆ ಬರೋದ್ರಿಂದ ಕಸ ಕಮ್ಮಿ, ಕ್ರಿಸ್ಟಲ್ ತಿರುಗಿಸಿದ್ರೆ ಎಕ್ಸ್-ರೇ ಎನರ್ಜಿ ಬದಲಾಗುತ್ತೆ, ಮಷಿನ್ ಮುಟ್ಟೋದೇ ಬೇಡ. ಜಪಾನ್‌ನ ನಿಹೋನ್ ಯೂನಿವರ್ಸಿಟಿಲಿ 100 ಎಂಇವಿ ಲಿನ್ಯಾಕ್ ಮತ್ತೆ ಸಿಲಿಕಾನ್ ಇಟ್ಕೊಂಡು ಇಮೇಜಿಂಗ್‌ಗೇ ಬಳಸ್ತಿದ್ದಾರೆ. ಯೂನಿವರ್ಸಿಟಿ ಮಟ್ಟದ ಲಿನ್ಯಾಕ್‌ಗೆ ನಾನಾದ್ರೆ ಇದನ್ನೇ ಆರಿಸ್ತೀನಿ, ಇಮೇಜ್ ತೆಗೆಯೋದು ಗುರಿ ಆಗಿದ್ರಂತೂ ಎರಡನೇ ಮಾತಿಲ್ಲ. ಚಾನೆಲಿಂಗ್‌ನ ಫಿಸಿಕ್ಸೇ ಕಲೀಬೇಕು ಅನ್ನೋರು ಮಾತ್ರ ಮೊದಲನೇದಕ್ಕೆ ಹೋಗಿ.

ನಮ್ಮ ಕಡೆ ಮಂಗಳೂರು ಯೂನಿವರ್ಸಿಟಿಲಿ 8 ಎಂಇವಿ ಮೈಕ್ರೋಟ್ರಾನ್ (ಚಿಕ್ಕ ಎಲೆಕ್ಟ್ರಾನ್ ಆಕ್ಸಲರೇಟರ್) ಇದೆ, ಆ ಎನರ್ಜಿಲಿ ಚಾನೆಲಿಂಗ್ ಎಕ್ಸ್-ರೇ ಬಂದ್ರೂ ಕೆಲವು ಕೆಇವಿ ಅಷ್ಟೇ, ಗಾಳಿಲೇ ತುಂಬಾ ಹೀರ್ಕೊಂಡು ಹೋಗುತ್ತೆ, ಹಾಗಾಗಿ ಅಂಥ ಮಷಿನ್‌ನ ಎನರ್ಜಿ ಇಟ್ಕೊಂಡು ಯೋಚನೆ ಮಾಡೋರು ಡಿಟೆಕ್ಟರ್‌ವರೆಗೂ ವ್ಯಾಕ್ಯೂಮ್ ಇಡೋ ಖರ್ಚು ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಇನ್ನು ಕ್ರಿಸ್ಟಲಿನ್ ಅಂಡ್ಯುಲೇಟರ್. ಅಂಡ್ಯುಲೇಟರ್ ಅಂದ್ರೆ ಬೀಮನ್ನ ಅಲೆ ಅಲೆಯಾಗಿ ಓಡಿಸಿ ಅದರಿಂದ ಎಕ್ಸ್-ರೇ ತೆಗೆಯೋ ಸಾಧನ. ಕ್ರಿಸ್ಟಲನ್ನ ಒಂದು ಕಡೆ ಅಲ್ಲ, ಅಲೆ ಅಲೆಯಾಗಿ ಬಗ್ಗಿಸೋದು. ಮ್ಯಾಗ್ನೆಟ್ ಅಂಡ್ಯುಲೇಟರ್‌ನ ಒಂದು ಅಲೆ ಎರಡು ಸೆಂಟಿಮೀಟರ್ ಅಂದ್ಕೊಳ್ಳಿ, 6 ಜಿಇವಿ ಬೀಮ್‌ನಿಂದ 17 ಕೆಇವಿ ಹತ್ತಿರದ ಎಕ್ಸ್-ರೇ ಬರುತ್ತೆ. ಅದೇ ಬೀಮ್‌ಗೆ 100 ಮೈಕ್ರಾನ್ ಅಲೆ ಇರೋ ಕ್ರಿಸ್ಟಲ್ ಇಟ್ರೆ 3 ಎಂಇವಿ ದಾಟುತ್ತೆ. ಕೇಳೋಕೆ ಸೊಗಸು, 1980ರಿಂದ ಐಡಿಯಾ ಇದೆ, 1998ರಿಂದ ಕೊರೋಲ್, ಸೊಲೊವ್ಯೋವ್, ಗ್ರೈನರ್ ಥಿಯರಿ ಬೆಳೆಸಿದ್ದಾರೆ. ಸಿಕ್ಕಿಹಾಕ್ಕೊಳ್ಳೋದು ಎಲ್ಲಿ ಅಂದ್ರೆ ಚಾರ್ಜ್‌ನಲ್ಲಿ: ಎಲೆಕ್ಟ್ರಾನ್ ಒಂದೆರಡು ಅಲೆ ದಾಟೋದ್ರೊಳಗೆ ಚಾನೆಲ್ ಬಿಟ್ಟಿರುತ್ತೆ, ಚೆನ್ನಾಗಿ ಕೆಲಸ ಮಾಡೋ ಪಾಸಿಟ್ರಾನ್‌ನ ಒಳ್ಳೆ ಬೀಮ್ ಎಲ್ಲೆಡೆ ಸಿಗಲ್ಲ. ಪಾಸಿಟ್ರಾನ್ ಬೀಮ್ ಇರೋ ತಂಡಕ್ಕೆ ಸೇರೋ ಅವಕಾಶ ಇದ್ರೆ ಪಿಎಚ್‌ಡಿಗೆ ಒಳ್ಳೆ ವಿಷಯ. ಸೋರ್ಸ್ ಕಟ್ಟಿ ಬೇರೆಯವರಿಗೆ ಕೊಡ್ಬೇಕು ಅನ್ನೋ ಪ್ಲಾನ್ ಇದ್ರೆ ಕಾಯಿರಿ.

ಆಕ್ಸಲರೇಟರ್ರೇ ಇಲ್ಲ, ಇರೋದು ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಅನ್ನೋರೂ ಬೇಜಾರಾಗ್ಬೇಡಿ. 1953ರ ಸ್ಮಿತ್-ಪರ್ಸೆಲ್ ಎಫೆಕ್ಟ್ ನಿಮಗೇ ಇರೋದು. ಗೆರೆ ಗೆರೆ ಗ್ರೇಟಿಂಗ್ ಮೇಲೆ ತಾಗಿಯೂ ತಾಗದಂಗೆ ಎಲೆಕ್ಟ್ರಾನ್ ಓಡಿಸಿದ್ರೆ ಬೆಳಕು ಬರುತ್ತೆ. 30 ಕೆಇವಿ ಎಲೆಕ್ಟ್ರಾನ್, 200 ನ್ಯಾನೋಮೀಟರ್ ಗೆರೆ ಅಂತರ ಇದ್ರೆ ನೇರ ಪಕ್ಕಕ್ಕೆ ಬರೋದು 610 ನ್ಯಾನೋಮೀಟರ್ ಹತ್ತಿರದ ಕಿತ್ತಳೆ-ಕೆಂಪು. ಗೆರೆ ಅಂತರ ಬದಲಾಯಿಸಿದ್ರೆ ಬಣ್ಣ ಬದಲು, ವೋಲ್ಟೇಜ್ ತಿರುಗಿಸಿದ್ರೂ ಬದಲು. ಲಿಥೋಗ್ರಫಿ ಸೌಲಭ್ಯ ಇರೋ ಕಡೆ ಗ್ರೇಟಿಂಗ್ ಮಾಡಿಸ್ಕೊಂಡ್ರೆ ಉಳಿದದ್ದು ತಾಳ್ಮೆ. ಬೆಳಕು ಮಂಕಾಗಿರುತ್ತೆ, ಬೀಮ್ ಗ್ರೇಟಿಂಗ್‌ಗೆ ತೀರಾ ಹತ್ತಿರ ಇರ್ಬೇಕು. ಇದೇ ಕುಟುಂಬದ ಉಲ್ಟಾ ಆಟ ಅಂದ್ರೆ ಲೇಸರ್ ಬೆಳಕು ಕೊಟ್ಟು ಎಲೆಕ್ಟ್ರಾನ್ ವೇಗ ಹೆಚ್ಚಿಸೋದು, ಜರ್ಮನಿಯ ಎರ್ಲಾಂಗೆನ್‌ನಲ್ಲಿ 2023ರಲ್ಲಿ ಅರ್ಧ ಮಿಲಿಮೀಟರ್ ಚಿಪ್‌ನಲ್ಲಿ 28.4 ಕೆಇವಿಯಿಂದ 40.7 ಕೆಇವಿಗೆ ಏರಿಸಿದ್ರು, ಚಾನೆಲ್ ಅಗಲ 225 ನ್ಯಾನೋಮೀಟರ್. ನ್ಯಾನೋ ಅನ್ನೋ ಹೆಸರಿಗೆ ಸದ್ಯಕ್ಕೆ ನಿಜವಾಗ್ಲೂ ಬೆಲೆ ಇರೋದು ಇಂಥ ಕಡೆ.

ಹಂಗಾದ್ರೆ ನೀವು

ರಿಂಗ್ ಇದೆ, ಪ್ರೋಟಾನ್ ಅಥವಾ ಅಯಾನ್, ಅಂಚು ಕ್ಲೀನ್ ಮಾಡ್ಬೇಕು ಅಥವಾ ಸ್ವಲ್ಪ ಬೀಮ್ ಹೊರಗೆ ಬೇಕು: ಗಿಡ್ಡ ಬೆಂಡ್ ಸಿಲಿಕಾನ್, ದುಡ್ಡೆಲ್ಲ ಗೋನಿಯೋಮೀಟರ್‌ಗೆ ಹಾಕಿ. ಒಂದು ಜಿಇವಿ ಆಸುಪಾಸಿನ ಎಲೆಕ್ಟ್ರಾನ್, ಸಣ್ಣ ತಿರುವು ಸಾಕು: ವಾಲ್ಯೂಮ್ ರಿಫ್ಲೆಕ್ಷನ್. ನೂರು ಎಂಇವಿ ಲಿನ್ಯಾಕ್, ಟ್ಯೂನ್ ಮಾಡೋ ಎಕ್ಸ್-ರೇ: ಪ್ಯಾರಾಮೆಟ್ರಿಕ್. ಮೈಕ್ರೋಸ್ಕೋಪ್ ಮಾತ್ರ: ಗ್ರೇಟಿಂಗ್. ವಜ್ರ ಕೊಳ್ಳೋ ಮುಂಚೆ ಸಿಲಿಕಾನ್‌ನಲ್ಲಿ ಅಲೈನ್‌ಮೆಂಟ್ ಕೈಗೆ ಹತ್ತಿಸ್ಕೊಳ್ಳಿ, ಜರ್ಮೇನಿಯಂನ ಗುಂಡಿ ಇನ್ನೂ ಆಳ ಇರೋದ್ರಿಂದ ಸ್ವಲ್ಪ ಜಾಸ್ತಿ ಕಣ ಹಿಡಿಯುತ್ತೆ, ಆದ್ರೆ ಭಾರದ ನ್ಯೂಕ್ಲಿಯಸ್, ಚೆದುರೋದೂ ಜಾಸ್ತಿ, ಮೊದಲ ಕ್ರಿಸ್ಟಲ್ ಆಗಿ ಬೇಡ.

ಬೀಮೇ ಇಲ್ಲ, ಲ್ಯಾಪ್‌ಟಾಪ್ ಒಂದೇ ಇದೆ ಅನ್ನೋ ಎಂಎಸ್‌ಸಿಯವರು ಜಿಯಂಟ್4 ಅನ್ನೋ ಸಿಮ್ಯುಲೇಷನ್ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ರೀ, ಚಾನೆಲಿಂಗ್ ಮಾಡೆಲ್ ಅದರಲ್ಲೇ ಬರುತ್ತೆ. ಮೈನ್ಜ್‌ನ 855 ಎಂಇವಿ ಲೆಕ್ಕ ಮೊದಲು ಮಾಡಿ, ಐದರಲ್ಲಿ ಒಂದು ಭಾಗ ಬರುತ್ತಾ ನೋಡಿ. ಬಂದ ಮೇಲೆ ಡೈವರ್ಜೆನ್ಸ್ ಒಂದನ್ನೇ ಏರಿಸ್ತಾ ಹೋಗಿ, ಎಫಿಶಿಯೆನ್ಸಿ ಎಲ್ಲಿ ಬೀಳೋಕೆ ಶುರುವಾಗುತ್ತೆ ಅಂತ ಗ್ರಾಫ್ ಹಾಕಿ. ಆ ಗ್ರಾಫ್ ಇಟ್ಕೊಂಡು ಗೈಡ್ ಹತ್ರ ಹೋದ್ರೆ ಯಾವ ಮಷಿನ್‌ಗೆ ಬೀಮ್ ಟೈಮ್ ಅರ್ಜಿ ಹಾಕ್ಬೇಕು ಅನ್ನೋ ಮಾತು ಅಲ್ಲಿಂದ ಶುರು ಮಾಡ್ಬಹುದು.